ಜರಿಗಿಡಕ್ಕಾಗಿ ಘಟ್ಟ ಅಗೆಯಬೇಕಿಲ್ಲ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಕೃಷಿ ಪುರವಣಿಯಲ್ಲಿ ಈಚೆಗೆ ಪ್ರಕಟವಾದ, ನೆರಳಿನ ಜಾಗಕ್ಕೆ ಒಗ್ಗುವ ಗಿಡಗಳ ಕುರಿತ ಲೇಖನವನ್ನು ಆಸಕ್ತಿಯಿಂದ ಓದಿದೆ. ಬಿಸಿಲು ಬೀಳದ ಹಿತ್ತಲು, ಮನೆಯ ಬಡಗು ಗೋಡೆಯ ಬುಡ, ಬಾವಿಕಟ್ಟೆಯ ಸುತ್ತಲಿನ ತೇವದ ನೆಲ ಇವನ್ನೆಲ್ಲ ಹಾಳುಬಿಡದೆ ಹಸಿರು ಮಾಡಬಹುದೆಂಬ ಲೇಖಕರ ಅಭಿಪ್ರಾಯದ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಜರಿಗಿಡಗಳ ವಿಷಯದಲ್ಲಿ ಅಲ್ಲಿ ಬಂದಿರುವ ಎರಡು ಮಾತುಗಳ ಬಗ್ಗೆ. ನೆಡಬಹುದಾದ ಜರಿಗಿಡವೆಂದು ಲೇಖಕರು ನರ್ಸರಿಯ ಬಾಸ್ಟನ್ ಫರ್ನ್ ಒಂದನ್ನೇ ಹೆಸರಿಸಿದ್ದಾರೆ. ಹಣ ಖರ್ಚು ಮಾಡಲು ಮನಸ್ಸಿಲ್ಲದವರು ಆಗುಂಬೆಯಿಂದಲೋ ಚಾರ್ಮಾಡಿಯಿಂದಲೋ ಬರುವಾಗ ರಸ್ತೆಬದಿಯ ಧರೆಯಿಂದ, ಅಂದರೆ ಕಡಿದ ಮಣ್ಣಿನ ಗೋಡೆಯಿಂದ, ಮಣ್ಣುಸಮೇತ ಒಂದಷ್ಟು ಗಿಡ ಕಿತ್ತು ತಂದರೆ ಸಾಕೆಂದು ಸಲಹೆ ಕೊಟ್ಟಿದ್ದಾರೆ. ಮೊದಲನೆಯ ಮಾತು ಅಪೂರ್ಣ, ಎರಡನೆಯದು ತಪ್ಪು. ಹೀಗೆ ಕಿತ್ತು ತಂದ ಗಿಡಗಳಲ್ಲಿ ಹೆಚ್ಚಿನವು ಬದುಕುವುದಿಲ್ಲ, ಬದುಕುವಂಥವನ್ನು ಕಿತ್ತು ತರುವ ಅಗತ್ಯವೇ ಇಲ್ಲ ಎಂಬುದನ್ನು ಓದುಗರ ಗಮನಕ್ಕೆ ತರುವ ಸಲುವಾಗಿ ಈ ಪತ್ರ. ಸ್ವಲ್ಪ ದೀರ್ಘವಾದೀತು, ಮನ್ನಿಸಬೇಕು.

ನಾನು ಸಸ್ಯಶಾಸ್ತ್ರದ ವಿದ್ವಾಂಸನಲ್ಲ. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾಗಿ, ಕೊಪ್ಪ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಒಂದಿಷ್ಟು ಅಡಿಕೆ ತೋಟ ನೋಡಿಕೊಂಡಿರುವವನು. ಹತ್ತನೆಯ ತರಗತಿಯ ಮಕ್ಕಳಿಗೆ ‘ಹೂ ಬಿಡದ ಗಿಡಗಳು’ ಎಂಬ ಪಾಠ ಮಾಡುವಾಗ ಕೈಗೆ ಸಿಕ್ಕಿದ ಜರಿಗಿಡದ ಗರಿಯನ್ನು ತೋರಿಸಿ ಮುಗಿಸುತ್ತಿದ್ದೆ. ಅದು ಯಾವ ಜರಿಗಿಡ ಎಂದು ಕೇಳಿದ ಒಬ್ಬ ಹುಡುಗಿಗೆ ಉತ್ತರ ಕೊಡಲಾಗದೆ ಹೋದ ಮೇಲೆ ಈ ಹುಚ್ಚು ಹತ್ತಿತು. ಜಗತ್ತಿನಲ್ಲಿ ಸುಮಾರು 10,500 ಬಗೆಯ ಜರಿಗಿಡಗಳಿವೆಯೆಂದು ಸಸ್ಯಶಾಸ್ತ್ರಜ್ಞರ ಅಂದಾಜು. ಭಾರತದಲ್ಲಿ ಜರಿಗಿಡಗಳೂ ಅವುಗಳ ಬಂಧುಗಳೂ ಸೇರಿ ಸಾವಿರಕ್ಕೂ ಮೇಲಿವೆ. ನನ್ನ ಮನೆಯ ಸುತ್ತಲಿನ ಎರಡು ಎಕರೆಯಲ್ಲಿ ನಾನೇ ಗುರುತಿಸಿದವು ಹತ್ತೊಂಬತ್ತು. ಅವುಗಳಲ್ಲಿ ನಾನು ತಂದು ನೆಟ್ಟದ್ದು ನಾಲ್ಕು ಮಾತ್ರ.

ಮೊದಲು ಬಾಸ್ಟನ್ ಫರ್ನ್ ವಿಷಯ. ಇದು ನೆಫ್ರೊಲೆಪಿಸ್ ಎಕ್ಸಾಲ್ಟೇಟಾ ಎಂಬ ಅಮೆರಿಕದ ಉಷ್ಣವಲಯದ ಜರಿಗಿಡದಿಂದ ಬಂದ ತಳಿ. 1894ರಲ್ಲಿ ಫಿಲಡೆಲ್ಫಿಯಾದಿಂದ ಬಾಸ್ಟನ್‌ಗೆ ಹೋದ ಗಿಡಗಳ ಸರಕಿನಲ್ಲಿ, ಗರಿಗಳು ಉಳಿದವಕ್ಕಿಂತ ಹೆಚ್ಚು ಜೋತುಬಿದ್ದ ಗಿಡವೊಂದು ಕಣ್ಣಿಗೆ ಬಿತ್ತು. ಅದರ ಸಂತತಿಯೇ ಇಂದು ನಮ್ಮ ಬ್ಯಾಂಕುಗಳ, ಹೋಟೆಲುಗಳ ಕುಂಡಗಳಲ್ಲಿ ಕಾಣುವಂಥದ್ದು. ಗಿಡ ಚೆಂದವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಖಾಸಾ ತಮ್ಮನಂತಿರುವ ನೆಫ್ರೊಲೆಪಿಸ್ ಕಾರ್ಡಿಫೋಲಿಯ ನಮ್ಮ ನಾಡಿನದೇ ಗಿಡ. ಹಳೆಯ ಮನೆಗಳ ತುಳಸಿಕಟ್ಟೆಯ ಹಿಂದೆ, ಹೂಕುಂಡಗಳ ಸಾಲಿನಲ್ಲಿ, ಅಜ್ಜಿಯ ಕಾಲದಿಂದಲೂ ಯಾರೂ ಹೆಸರು ಕೇಳದೆ ಬೆಳೆದುಕೊಂಡಿರುವ ಗಿಡ ಅನೇಕ ಕಡೆ ಇದೇ. ಎರಡನ್ನೂ ಬೇರ್ಪಡಿಸಿ ಗುರುತಿಸಲು ಮೇಲಿನ ಎಲೆ ನೋಡಿ ಪ್ರಯೋಜನವಿಲ್ಲ, ಬುಡ ಕೆದಕಬೇಕು. ನಮ್ಮದರ ಬೇರಿನ ನಡುವೆ ಹರಿಯುವ ಬಳ್ಳಿಗಳಲ್ಲಿ ಗೋಲಿಯಾಟದ ಗೋಲಿಯಷ್ಟು ದಪ್ಪದ, ಕಂದು ಹೊಟ್ಟು ಅಂಟಿಕೊಂಡ ಉರುಟು ಗೆಡ್ಡೆಗಳಿರುತ್ತವೆ. ಹಿಸುಕಿದರೆ ನೀರು ಬರುತ್ತದೆ. ಬಾಸ್ಟನ್ನಿನದಕ್ಕೆ ಆ ಗೆಡ್ಡೆ ಇಲ್ಲ. ಆ ನೀರಿನ ದಾಸ್ತಾನಿನಿಂದಲೇ ನಮ್ಮದು ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ನಾಲ್ಕು ದಿನ ನೀರು ಮರೆತರೂ ತಡೆದುಕೊಳ್ಳುತ್ತದೆ. ಒಂದೇ ಎಚ್ಚರಿಕೆ: ನೆಲದಲ್ಲಿ ನೆಟ್ಟರೆ ಇದು ಹಬ್ಬುತ್ತಾ ಹೋಗಿ ಪಕ್ಕದ ಗಿಡಗಳ ಜಾಗವನ್ನೆಲ್ಲ ಕಬಳಿಸುತ್ತದೆ. ಕುಂಡದಲ್ಲೋ ಕಲ್ಲು ಕಟ್ಟಿದ ಪಾತಿಯಲ್ಲೋ ಇಡುವುದು ಒಳ್ಳೆಯದು.

ಇನ್ನು, ಫರ್ನ್ ಎಂಬ ಹೆಸರಿನಲ್ಲಿ ಮಾರಾಟವಾಗುವುದೆಲ್ಲ ಜರಿಗಿಡವಲ್ಲ. ಆಸ್ಪರಾಗಸ್ ಫರ್ನ್ ಎಂದು ಮಾರುವ ಸೂಜಿಯೆಲೆಯ ಗಿಡ ನಮ್ಮ ಶತಾವರಿಯ ಬಂಧು. ಅದು ಹೂ ಬಿಡುತ್ತದೆ, ಕೆಂಪು ಹಣ್ಣು ಬಿಡುತ್ತದೆ. ಇದಕ್ಕೆ ವಿರುದ್ಧವಾಗಿ, ದನಗಳ ಮೇವಿಗೆಂದು ತೊಟ್ಟಿಯಲ್ಲಿ ಬೆಳೆಸುವ ಅಜೋಲಾ ನಿಜವಾದ ಜರಿಗಿಡ ಎಂದರೆ ನಮ್ಮೂರಿನ ಹೈನುಗಾರರು ನನ್ನನ್ನೇ ಸಂಶಯದಿಂದ ನೋಡುತ್ತಾರೆ.

ಹಾಗಾದರೆ ಗುರುತಿಸುವುದು ಹೇಗೆ? ಜರಿಗಿಡದ ಗುರುತು ಇರುವುದು ಅದರ ಗರಿಯ ಬೆನ್ನಿನಲ್ಲಿ. ಮೇಲಿನಿಂದ ನೋಡಿದರೆ ಹತ್ತು ಗಿಡಗಳು ಒಂದೇ ಥರ ಕಾಣುತ್ತವೆ. ಬಲಿತ ಗರಿಯನ್ನು ಮಗುಚಿದರೆ ಹತ್ತೂ ಬೇರೆ. ಕೆಳಮೈಯಲ್ಲಿ ಬೀಜಕಣದ (ಬೀಜದ ಬದಲು ಜರಿಗಿಡ ಉದುರಿಸುವ ನವುರಾದ ಪುಡಿಯ) ಗೂಡುಗಳು ಚುಕ್ಕಿಯಾಗಿಯೋ ಗೀಟಾಗಿಯೋ ಅಂಚಾಗಿಯೋ ಜೋಡಣೆಯಾಗಿರುತ್ತವೆ, ಆ ಜೋಡಣೆ ಗಿಡದ ಕುಲಕ್ಕೆ ತಕ್ಕಂತೆ ನಿಶ್ಚಿತ. ನೆಫ್ರೊಲೆಪಿಸ್‌ನಲ್ಲಿ ಅವು ಮೂತ್ರಪಿಂಡದ ಆಕಾರದ ಚುಕ್ಕಿಗಳು, ಅಂಚಿನ ಹತ್ತಿರ ಸಾಲು ಹಿಡಿದಿರುತ್ತವೆ. ಹಳೆಯ ಗಾರೆ ಗೋಡೆಯಲ್ಲಿ, ಬಾವಿಯ ಒಳಕಲ್ಲಿನ ಸಂದಿನಲ್ಲಿ ಏಣಿಯಂತೆ ಉದ್ದುದ್ದ ಎಲೆ ಜೋಡಿಸಿಕೊಂಡು ಬೆಳೆಯುವ ಟೆರಿಸ್ ವಿಟ್ಟಾಟಾದಲ್ಲಿ ಚುಕ್ಕಿಯೇ ಇಲ್ಲ, ಎಲೆಯ ಅಂಚಿಗೆ ಗೋಟು ಹೊಲಿದಂತೆ ಉದ್ದಕ್ಕೂ ಒಂದು ಕಂದು ಪಟ್ಟಿ. ಜಂಬಿಟ್ಟಿಗೆ ಧರೆಯಲ್ಲಿ, ರಸ್ತೆ ಕಡಿದ ಇಳಿಜಾರಿನಲ್ಲಿ ಎದೆಯೆತ್ತರ ಬೆಳೆದು ಎಳೆಗರಿಯನ್ನು ತಾಮ್ರದ ಬಣ್ಣದಲ್ಲಿ ಹೊರಡಿಸುವ ಬ್ಲೆಕ್ನಮ್ ಓರಿಯೆಂಟೇಲ್‌ನಲ್ಲಿ ಪ್ರತಿ ಎಲೆಯ ನಡುನರದ ಎರಡೂ ಪಕ್ಕದಲ್ಲಿ ಒಂದೊಂದು ಗೀಟು. ಟೆಕ್ಟೇರಿಯಗಳಲ್ಲಿ ದುಂಡು ಚುಕ್ಕಿ. ಹಳ್ಳದ ಪಕ್ಕದ ಕತ್ತಲಲ್ಲಿ ಬೆಳೆಯುವ ಬಾಲ್ಬಿಟಿಸ್‌ನದು ಇನ್ನೂ ವಿಚಿತ್ರ. ಅದು ಬೀಜಕಣಕ್ಕೆಂದೇ ಬೇರೆ ಗರಿ ಬಿಡುತ್ತದೆ. ಆ ಗರಿ ಸಪೂರ, ಅದರ ಕೆಳಮೈ ಒಂದಿಷ್ಟೂ ಬಿಡದೆ ಕಂದು ಮೆತ್ತಿದಂತಿರುತ್ತದೆ.

ಇದನ್ನು ತಿಳಿಯದೆ ಆಗುವ ಅನಾಹುತವನ್ನು ಹೇಳಬೇಕು. ಎರಡು ವರ್ಷದ ಹಿಂದೆ ಪಕ್ಕದೂರಿನವರೊಬ್ಬರು ಫೋನ್ ಮಾಡಿ, “ಮೇಷ್ಟ್ರೇ, ಕುಂಡದ ಜರಿಗಿಡಕ್ಕೆಲ್ಲ ತುಕ್ಕುರೋಗ ಬಂದುಬಿಟ್ಟಿದೆ, ಎರಡು ಸಲ ಔಷಧ ಹೊಡೆದೆ, ಹೋಗುವುದಿಲ್ಲ” ಎಂದರು. ಹೋಗಿ ನೋಡಿದರೆ ರೋಗವೇನೂ ಇಲ್ಲ, ಬೀಜಕಣದ ಗೂಡುಗಳು ಒಳ್ಳೆಯ ಹದಕ್ಕೆ ಬಲಿತು ಕಂದಾಗಿದ್ದವು. ಔಷಧದ ದೆಸೆಯಿಂದ ಎಳೆಗರಿಗಳ ತುದಿ ಮಾತ್ರ ಸುಟ್ಟು ಕಪ್ಪಾಗಿತ್ತು. ಗೂಡು ಯಾವುದು, ಎಲೆಗೆ ಅಂಟಿ ರಸ ಹೀರುವ ಹುರುಪೆ ಕೀಟ ಯಾವುದು ಎಂದು ತಿಳಿಯುವುದು ಕಷ್ಟವಲ್ಲ. ಗೂಡುಗಳು ಕೆಳಮೈಯಲ್ಲಿ ಮಾತ್ರ, ಲೆಕ್ಕ ಹಾಕಿ ಇಟ್ಟಂತೆ ಸಾಲಾಗಿರುತ್ತವೆ. ಕೀಟ ಅಡ್ಡಾದಿಡ್ಡಿಯಾಗಿ ದಂಟಿನ ಮೇಲೂ ಕೂತಿರುತ್ತದೆ, ಎಲೆ ಅಂಟಂಟಾಗುತ್ತದೆ, ಇರುವೆ ಮುತ್ತುತ್ತದೆ. ಜರಿಗಿಡಗಳಿಗೆ ಕೀಟನಾಶಕವೂ ಆಗದು, ರಾಸಾಯನಿಕ ಗೊಬ್ಬರದ ಕಾವೂ ಆಗದು. ನಮ್ಮ ತೋಟದಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವ ದಿನ ಅಡಿಕೆ ಮರದ ಬುಡದಲ್ಲಿರುವ ಎಳೆಯ ಗಿಡಗಳಿಗೆ ನಾನು ಅಡಿಕೆ ಹಾಳೆ ಕವುಚಿ ಇಡುತ್ತೇನೆ. ಮರ ಹತ್ತಿ ಔಷಧ ಹೊಡೆಯುವ ಕೊನೆಗೌಡನಿಗೆ ಇದು ನಗೆಯ ವಿಷಯ.

ಮಲೆನಾಡಿನ ಮಕ್ಕಳೆಲ್ಲ ಬಲ್ಲ ಒಂದು ಜರಿಗಿಡವಿದೆ. ಗರಿಯ ಕೆಳಗೆ ಬೆಳ್ಳಗೆ ಹಿಟ್ಟು ಮೆತ್ತಿಕೊಂಡಿರುತ್ತದೆ. ಅದನ್ನು ಮುಂಗೈ ಮೇಲೋ ನೀಲಿ ಚಡ್ಡಿಯ ಮೇಲೋ ಒತ್ತಿ ಹೊಡೆದರೆ ಗರಿಯ ಅಚ್ಚು ಬೆಳ್ಳಿಯಲ್ಲಿ ಬರೆದ ಹಾಗೆ ಮೂಡುತ್ತದೆ. ಶಾಲೆಗೆ ಹೋಗುವ ದಾರಿಯ ಧರೆಯಲ್ಲಿ ನಾವೂ ಅದೇ ಆಟ ಆಡಿದವರು. ಅದು ಪಿಟಿರೊಗ್ರಾಮಾ ಕ್ಯಾಲೊಮೆಲಾನೋಸ್, ಅದರ ತವರು ಅಮೆರಿಕ ಖಂಡ ಎಂದು ತಿಳಿದ ದಿನ ನನಗೆ ನಿಜವಾಗಿ ಬೇಸರವಾಯಿತು. ಕಾಫಿ ತೋಟದ ಧರೆಗಳಲ್ಲಿ ಅದು ಎಷ್ಟು ಒಗ್ಗಿಹೋಗಿದೆಯೆಂದರೆ ಪರದೇಶಿ ಎಂದರೆ ಯಾರೂ ನಂಬುವುದಿಲ್ಲ. ಘಟ್ಟದ ರಸ್ತೆಬದಿಯಲ್ಲಿ ಕಾರು ನಿಲ್ಲಿಸಿ ‘ಕಾಡಿನ ಜರಿಗಿಡ’ವೆಂದು ಸಂಭ್ರಮದಿಂದ ಕಿತ್ತುಕೊಂಡು ಹೋಗುವವರ ಚೀಲದಲ್ಲಿ ಅರ್ಧಕ್ಕರ್ಧ ಇದೇ ಇರುತ್ತದೆ. ನರ್ಸರಿಗಳಲ್ಲಿ ‘ಮೇಡನ್‌ಹೇರ್’ ಎಂಬ ಹೆಸರಿನಲ್ಲಿ ಸಿಗುವ ಅಡಿಯಾಂಟಮ್ ರಡ್ಡಿಯಾನಮ್ ಕೂಡ ಆ ಕಡೆಯದೇ. ಅದನ್ನು ಕೊಂಡು ಬಚ್ಚಲುಮನೆಯ ಕಿಟಕಿಯಲ್ಲಿಟ್ಟು ಆರೈಕೆ ಮಾಡುವವರ ಅಂಗಳದ ಪಾಗಾರದಲ್ಲೇ ನಮ್ಮ ಹಂಸಪಾದಿ ತಾನಾಗಿ ಬೆಳೆದಿರುವುದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ.

ಹಂಸಪಾದಿಯ ಬಗ್ಗೆ ಎರಡು ಮಾತು ಹೆಚ್ಚಾಗಿ ಬರೆಯುವುದಕ್ಕೆ ಅವಕಾಶ ಕೊಡಬೇಕು, ಏಕೆಂದರೆ ನೆರಳಿನ ಕೈತೋಟಕ್ಕೆ ಒಂದೇ ಒಂದು ಸ್ಥಳೀಯ ಜರಿಗಿಡ ಹೇಳಿ ಎಂದು ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುವವನು. ಆಯುರ್ವೇದದವರಿಗೂ ಪರಿಚಿತವಾದ ಈ ಗಿಡದ ಶಾಸ್ತ್ರೀಯ ಹೆಸರು ಅಡಿಯಾಂಟಮ್ ಫಿಲಿಪೆನ್ಸ್. ಮುಂಗಾರು ಹಿಡಿದು ವಾರ ಹತ್ತು ದಿನಕ್ಕೆ ನಮ್ಮ ಬಾವಿಕಟ್ಟೆಯ ಕಲ್ಲಿನ ಸಂದಿಯಿಂದ ಕಪ್ಪು ತಂತಿಯಂಥ ದಂಟುಗಳು ಸುರುಳಿ ಬಿಚ್ಚುತ್ತಾ ಹೊರಡುತ್ತವೆ. ದಂಟು ಎಣ್ಣೆ ಹಚ್ಚಿದಂತೆ ಮಿರುಗುತ್ತದೆ. ಅದರ ಎರಡೂ ಬದಿಗೆ ಅರ್ಧಚಂದ್ರಾಕಾರದ ಎಳೆಹಸಿರು ಎಲೆಗಳು, ಒಂದೊಂದಕ್ಕೂ ಕೂದಲಿನಷ್ಟು ಸಣ್ಣ ತೊಟ್ಟು. ಮಳೆಯ ಹನಿ ಎಲೆಯ ಮೇಲೆ ನಿಲ್ಲದೆ ಪಾದರಸದಂತೆ ಉರುಳಿ ಬೀಳುತ್ತದೆ. ಎಲೆ ಒದ್ದೆಯೇ ಆಗುವುದಿಲ್ಲ. ಅಡಿಯಾಂಟಮ್ ಎಂಬ ಗ್ರೀಕ್ ಮೂಲದ ಹೆಸರಿಗೂ ‘ಒದ್ದೆಯಾಗದ್ದು’ ಎಂದೇ ಅರ್ಥ. ಎಲೆಯ ಕಮಾನಿನಂಥ ಅಂಚು ಹಿಂದಕ್ಕೆ ಮಡಚಿಕೊಂಡು ಬೀಜಕಣಗಳನ್ನು ಮುಚ್ಚಿರುತ್ತದೆ. ಗರಿಯ ತುದಿ ಎಲೆಯಿಲ್ಲದ ಬಾಲವಾಗಿ ಬೆಳೆದು, ಬಾಗಿ, ಮಣ್ಣು ಮುಟ್ಟಿದ ಕಡೆ ಬೇರು ಬಿಟ್ಟು ಇನ್ನೊಂದು ಗಿಡವಾಗುತ್ತದೆ. ಆ ಗಿಡದ ಗರಿ ಮತ್ತೂ ಒಂದು ಹೆಜ್ಜೆ ಮುಂದೆ. ಹೀಗೆ ಗೋಡೆಯುದ್ದಕ್ಕೂ ನಡೆದುಕೊಂಡು ಹೋಗುವ ಗಿಡವನ್ನು ಬೆಳೆಸುವುದಕ್ಕೆ ನಾವು ಮಾಡಬೇಕಾದದ್ದು ಇಷ್ಟೇ: ಬಾಗಿದ ತುದಿಯ ಕೆಳಗೆ ಮಣ್ಣು ಮತ್ತು ಕೊಳೆತ ದರಗು (ತರಗೆಲೆ) ತುಂಬಿದ ತೆಂಗಿನ ಕರಟ ಇಟ್ಟು, ಬೇರು ಹಿಡಿದ ಮೇಲೆ ಬಾಲ ಕತ್ತರಿಸುವುದು. ತಾಯಿಗಿಡಕ್ಕೆ ಕೈ ಹಾಕಬೇಕಿಲ್ಲ.

ಆದರೆ ಇದರ ಒಂದು ಸ್ವಭಾವ ತಿಳಿದಿರಬೇಕು. ಮಳೆ ನಿಂತು ಚಳಿಗಾಲ ಕಳೆಯುವ ಹೊತ್ತಿಗೆ ಗರಿಗಳೆಲ್ಲ ಒಣಗಿ ಉದುರಿ, ಬೇಸಿಗೆಯುದ್ದಕ್ಕೂ ಬುಡ ನಿದ್ದೆ ಮಾಡುತ್ತದೆ. ಪೇಟೆಯಲ್ಲಿರುವ ಪರಿಚಯಸ್ಥರಿಗೆ ನಾನು ಕೊಟ್ಟ ಗಿಡಗಳಲ್ಲಿ ಅರ್ಧದಷ್ಟು ಫೆಬ್ರುವರಿಯಲ್ಲಿ ‘ಸತ್ತಿತು’ ಎಂದು ಕಸದ ಬುಟ್ಟಿ ಸೇರಿವೆ. ಕುಂಡವನ್ನು ನೆರಳಿನಲ್ಲಿಟ್ಟು, ಮಣ್ಣು ಪೂರಾ ಬೂದಿಯಾಗದಷ್ಟು ವಾರಕ್ಕೊಮ್ಮೆ ನೀರು ಚಿಮುಕಿಸಿ ಕಾದರೆ ಜೂನ್ ತಿಂಗಳಲ್ಲಿ ಎದ್ದುಬರುತ್ತದೆ.

ಇದೇ ಬಗೆಯ ತಪ್ಪು ತಿಳಿವಳಿಕೆಗೆ ಬಲಿಯಾಗುವ ಇನ್ನೊಂದು ಗಿಡ ಡ್ರೈನೇರಿಯ ಕ್ವೆರ್ಸಿಫೋಲಿಯ. ಮಾವು, ಹಲಸು, ಹಳೆಯ ಅರಳಿಮರಗಳ ಕವಲಿನಲ್ಲಿ, ದೇವಸ್ಥಾನದ ಹಿಂದಿನ ಬಂಡೆಗಳ ಮೇಲೆ ಇದು ಬೆಳೆಯುತ್ತದೆ. ಇದಕ್ಕೆ ಎರಡು ಥರದ ಎಲೆಗಳು. ಉದ್ದವಾದ, ಆಳವಾಗಿ ಸೀಳಿದ ಹಸಿರು ಗರಿಗಳು ಒಂದು. ಬುಡಕ್ಕೆ ಒತ್ತಿಕೊಂಡ, ಅಂಗೈಯಂಥ, ಬೇಗನೆ ಕಂದಾಗಿ ಒಣಗಿ ಹಾಗೆಯೇ ವರ್ಷಗಟ್ಟಲೆ ಉಳಿಯುವ ಎಲೆಗಳು ಇನ್ನೊಂದು. ಒಣಗಿದ್ದು ಸತ್ತದ್ದೆಂದು ಭಾವಿಸಿ ಅದನ್ನು ಕಿತ್ತು ಚೊಕ್ಕಟ ಮಾಡುವವರು ಬಹಳ. ಆ ಒಣ ಎಲೆಗಳೇ ಗಿಡದ ಕುಂಡ. ಮರದಿಂದ ಉದುರುವ ತರಗೆಲೆ, ಧೂಳು, ಹಕ್ಕಿಯ ಹಿಕ್ಕೆ ಎಲ್ಲ ಅದರೊಳಗೆ ಬಿದ್ದು ಗೊಬ್ಬರವಾಗಿ, ಬೇರು ಅದನ್ನು ಉಣ್ಣುತ್ತದೆ. ಗಾಳಿಗೆ ಮುರಿದುಬಿದ್ದ ಕೊಂಬೆಯಲ್ಲಿ ಈ ಗಿಡ ಸಿಕ್ಕಿದರೆ ಅದರ ತುಪ್ಪುಳಿನಂಥ ಕಂದು ಕಾಂಡದ ಒಂದು ಗೇಣು ತುಂಡನ್ನು ಚಿಗುರುತುದಿ ಸಮೇತ ತಂದು, ತೆಂಗಿನ ಸಿಪ್ಪೆಯ ಮೇಲೆ ಮಲಗಿಸಿ, ಹುರಿಹಗ್ಗದಿಂದ ಮರಕ್ಕೆ ಕಟ್ಟಿದರೆ ಸಾಕು. ಕಾಂಡವನ್ನು ಮಣ್ಣಿನಲ್ಲಿ ಹೂತರೆ ಕೊಳೆಯುತ್ತದೆ. ಮಳೆಗಾಲದಲ್ಲಿ ಮರದಿಂದ ಬೀಳುವ ಇಂಥ ಗಿಡಗಳು ನಮ್ಮೂರ ರಸ್ತೆಯಲ್ಲಿ ಲಾರಿ ಚಕ್ರಕ್ಕೆ ಸಿಕ್ಕಿ ಹೋಗುವುದನ್ನು ನೋಡಿದಾಗ, ಬೇಕೆನ್ನುವವರಿಗೆ ಗಿಡದ ಕೊರತೆ ಇಲ್ಲವೆಂದು ಅನಿಸುತ್ತದೆ.

ಬೆಂಗಳೂರಿನಂಥ ಊರುಗಳಲ್ಲಿರುವವರು ಇದೆಲ್ಲ ಮಲೆನಾಡಿನ ಮಾತು ಎನ್ನಬಹುದು. ನನ್ನ ಮಗಳು ಅಲ್ಲಿ ಮೂರನೆಯ ಮಹಡಿಯಲ್ಲಿದ್ದಾಳೆ. ಅವಳ ಬಾಲ್ಕನಿಯ ನೀರು ಹೋಗುವ ಕೊಳವೆಯ ಪಕ್ಕದ ಸಿಮೆಂಟ್ ಬಿರುಕಿನಲ್ಲಿ, ಯಾರೂ ನೆಡದೆ, ಮೇಲೆ ಹೇಳಿದ ಟೆರಿಸ್ ವಿಟ್ಟಾಟಾ ಹುಟ್ಟಿತ್ತು. ಬೀಜಕಣ ಧೂಳಿಗಿಂತ ಸಣ್ಣದು. ಗಾಳಿಯಲ್ಲಿ ಎಲ್ಲಿಗೂ ಹೋಗುತ್ತದೆ, ಸುಣ್ಣದಂಶವಿರುವ ಗಾರೆ, ಸಿಮೆಂಟು ಈ ಗಿಡಕ್ಕೆ ಇಷ್ಟ. ಅದನ್ನು ಚಿಕ್ಕದಿದ್ದಾಗಲೇ ಚಾಕುವಿನ ತುದಿಯಿಂದ ಎಬ್ಬಿಸಿ, ಇಟ್ಟಿಗೆ ಚೂರು ಬೆರೆಸಿದ ಮಣ್ಣಿಗೆ ಹಾಕಿದೆವು. ಈಗ ಕುಂಡದ ತುಂಬ ಇದೆ. ಈ ಗಿಡ ಮಣ್ಣಿನಲ್ಲಿರುವ ಆರ್ಸೆನಿಕ್ ವಿಷವನ್ನು ಹೀರಿ ತನ್ನ ಗರಿಗಳಲ್ಲಿ ಕೂಡಿಟ್ಟುಕೊಳ್ಳುತ್ತದೆಂದು ಅಮೆರಿಕದ ಫ್ಲಾರಿಡಾದ ವಿಜ್ಞಾನಿಗಳು 2001ರಲ್ಲಿ ಪ್ರಕಟಿಸಿದರು. ಹಾಗಾಗಿ ಕಾರ್ಖಾನೆಯ ಹತ್ತಿರದಲ್ಲಿ ಬೆಳೆದ ಗಿಡದ ಗರಿಗಳನ್ನು ತರಕಾರಿ ಪಾತಿಯ ಗೊಬ್ಬರಕ್ಕೆ ಹಾಕದಿರುವುದು ಲೇಸು. ಬಯಲುಸೀಮೆಯಲ್ಲಿ ಜರಿಗಿಡ ಸೊರಗುವುದು ಬಿಸಿಲಿಗಿಂತ ಹೆಚ್ಚಾಗಿ ಒಣಗಾಳಿಗೆ. ಕುಂಡಗಳನ್ನು ಒಂದೊಂದಾಗಿ ದೂರ ಇಡದೆ ಗುಂಪಾಗಿಟ್ಟು, ಜಲ್ಲಿ ಹರಡಿದ ತಟ್ಟೆಯಲ್ಲಿ ನೀರು ನಿಲ್ಲಿಸಿ ಅದರ ಮೇಲೆ ಕೂರಿಸಿದರೆ ಮಾರ್ಚ್ ತಿಂಗಳನ್ನು ದಾಟಿಸಬಹುದು. ಕೊಳವೆಬಾವಿಯ ಗಡಸು ನೀರಿನಿಂದ ಕೆಲವು ಜರಿಗಿಡಗಳ ಗರಿತುದಿ ಸುಡುತ್ತದೆ, ಸಾಧ್ಯವಿದ್ದವರು ಮಳೆನೀರು ಹಿಡಿದಿಟ್ಟುಕೊಳ್ಳಲಿ. ಮಣ್ಣಿನ ಹದ ಬಹಳ ಕಟ್ಟುನಿಟ್ಟಿನದಲ್ಲ: ಕೊಳೆತ ತರಗೆಲೆ ಎರಡು ಪಾಲು, ತೋಟದ ಮಣ್ಣು ಒಂದು, ದಪ್ಪ ಮರಳು ಒಂದು, ಜೊತೆಗೆ ಒಂದು ಹಿಡಿ ಇದ್ದಿಲ ಚೂರು. ಹಸಿ ಸಗಣಿ ಬೇಡ.

ಈಗ ಕಿತ್ತು ತರುವ ಸಲಹೆಗೆ ಬರುತ್ತೇನೆ. ಆಗುಂಬೆಯಂಥ ಕಾಡಿನಲ್ಲಿ ಮರದ ಬುಡಕ್ಕೂ ಬಂಡೆಗೂ ಒದ್ದೆ ಬಟ್ಟೆಯಂತೆ ಅಂಟಿಕೊಂಡಿರುವ ಪೊರೆಯ ಜರಿಗಿಡಗಳಿವೆ. ಅವುಗಳ ಎಲೆ ನರಗಳ ನಡುವೆ ಒಂದೇ ಒಂದು ಜೀವಕೋಶದಷ್ಟು ತೆಳು. ಅವನ್ನು ಕಿತ್ತರೆ ಕಾರಿನಲ್ಲಿ ತೀರ್ಥಹಳ್ಳಿ ದಾಟುವಷ್ಟರಲ್ಲಿ ಮುದುಡಿರುತ್ತವೆ. ಮರಜರಿಗಿಡದ ಕಥೆ ಇನ್ನೂ ದುಃಖದ್ದು. ಹಳ್ಳದ ಸಾಲಿನಲ್ಲಿ ಕೊಡೆ ಬಿಚ್ಚಿದಂತೆ ನಿಲ್ಲುವ ಸಯಾಥಿಯ ಗಿಡಗಳು ಕಾಡು ಬಲ್ಲ ಎಲ್ಲರಿಗೂ ಪರಿಚಿತ. ನಮ್ಮ ಸುತ್ತಿನ ಪೇಟೆಯೊಂದರ ನರ್ಸರಿಯಲ್ಲಿ ಕೆಲವು ವರ್ಷಗಳ ಹಿಂದೆ ಮೂರಡಿ ಎತ್ತರದ ನಾಲ್ಕು ಕಾಂಡಗಳನ್ನು, ಗರಿಗಳನ್ನೆಲ್ಲ ಕತ್ತರಿಸಿ ಬುಡಕ್ಕೆ ಗೋಣಿ ಸುತ್ತಿ, ಸಾಲಾಗಿ ನಿಲ್ಲಿಸಿದ್ದರು. ಬುಡದಲ್ಲಿ ಇನ್ನೂ ಕಾಡಿನ ಕಪ್ಪು ಮಣ್ಣಿತ್ತು. ನನ್ನ ಸ್ನೇಹಿತರೊಬ್ಬರು ಒಂದನ್ನು ಒಳ್ಳೆಯ ಬೆಲೆ ಕೊಟ್ಟು ಕೊಂಡರು. ಎರಡು ಗರಿ ಬಿಚ್ಚಿತು, ಮೂರನೆಯದು ಸುರುಳಿಯಲ್ಲೇ ಕಪ್ಪಾಯಿತು, ಬೇಸಿಗೆಯ ಹೊತ್ತಿಗೆ ಕಾಂಡ ಒತ್ತಿದರೆ ಬೆಂಡಿನಂತೆ ಕುಸಿಯುತ್ತಿತ್ತು. ಇದಕ್ಕೆ ಬೆಳೆಯುವ ಕುಡಿ ತುದಿಯಲ್ಲಿ ಒಂದೇ, ಅದು ಹೋದರೆ ಗಿಡ ಹೋದಂತೆ. ಸಯಾಥಿಯ ಕುಲದ ಗಿಡಗಳು ಕಾಡಿನ ಪ್ರಾಣಿ, ಗಿಡಗಳ ವ್ಯಾಪಾರ ಕುರಿತ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿರುವಂಥವು. ಅವುಗಳ ವ್ಯಾಪಾರಕ್ಕೆ ದೇಶದೇಶಗಳ ನಡುವೆ ನಿಯಂತ್ರಣವಿದೆ. ಯಾವ ಜರಿಗಿಡವೇ ಆಗಲಿ, ಮೀಸಲು ಅರಣ್ಯದಿಂದ ಅನುಮತಿಯಿಲ್ಲದೆ ಗಿಡ ಕಿತ್ತು ತರುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ಘಟ್ಟದ ರಸ್ತೆಗಳ ಎರಡು ಪಕ್ಕವೂ ಬಹಳಷ್ಟು ಕಡೆ ಅಂಥ ಅರಣ್ಯವೇ ಎಂಬುದನ್ನು ಲೇಖಕರು ಗಮನಿಸಿದಂತಿಲ್ಲ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಇಂಗ್ಲೆಂಡಿನವರಿಗೆ ಇಂಥದೇ ಜರಿಗಿಡದ ಹುಚ್ಚು ಹಿಡಿದಾಗ, ಮನೆಮನೆಯ ಗಾಜಿನ ಪೆಟ್ಟಿಗೆಗಳಿಗೆಂದು ಕಣಿವೆಗಳನ್ನೇ ಬೋಳು ಮಾಡಿದರು. ಐರ್ಲೆಂಡಿನ ಕಿಲಾರ್ನಿಯ ಹೆಸರು ಹೊತ್ತ ಒಂದು ಜರಿಗಿಡ ಕೆಲವೆಡೆ ನಿರ್ನಾಮದ ಅಂಚಿಗೆ ಹೋಯಿತು.

ಕಿತ್ತು ತರುವ ಬದಲು ಬೀಜಕಣದಿಂದ ಬೆಳೆಸಬಹುದು. ಇದಕ್ಕೆ ಬೇಕಾದದ್ದು ಒಂದೇ ಒಂದು ಬಲಿತ ಗರಿ, ಅದೂ ಊರಿನ ಧರೆಯದೋ ನೆಂಟರ ಹಿತ್ತಿಲದೋ ಆದೀತು. ಗೂಡುಗಳು ಕಂದಾಗಿ, ಇನ್ನೂ ಒಡೆಯದಿರುವ ಹದದಲ್ಲಿ ಗರಿಯ ಒಂದು ತುಂಡನ್ನು ಕತ್ತರಿಸಿ ಬಿಳಿಯ ಕಾಗದದ ಮಡಿಕೆಯಲ್ಲಿ, ಗಾಳಿಯಾಡದ ಕಡೆ, ಎರಡು ದಿನ ಇಡಬೇಕು. ಬಿಚ್ಚಿದಾಗ ಗರಿಯ ನಕ್ಷೆಯನ್ನೇ ನಶ್ಯದಲ್ಲಿ ಬರೆದಂತೆ ಕಂದು ಪುಡಿ ಉದುರಿರುತ್ತದೆ. ಕಾಗದವನ್ನು ಓರೆ ಮಾಡಿ ಮೆಲ್ಲನೆ ತಟ್ಟಿದರೆ ಹೊಟ್ಟು ಮೊದಲು ಜಾರುತ್ತದೆ, ಹಿಂದೆ ಉಳಿಯುವ ನವುರಾದ ಪುಡಿಯೇ ಬೀಜಕಣ. ಒಂದು ಹಳೆಯ ಇಟ್ಟಿಗೆ ತುಂಡನ್ನು ನೀರಿನಲ್ಲಿ ಕುದಿಸಿ, ಆರಿದ ಮೇಲೆ, ಮುಚ್ಚಳವಿರುವ ಪಾರದರ್ಶಕ ಸ್ವೀಟ್ ಡಬ್ಬದಲ್ಲಿಟ್ಟು, ಬುಡದಲ್ಲಿ ಒಂದಂಗುಲ ಕುದಿಸಿ ಆರಿಸಿದ ನೀರು ನಿಲ್ಲಿಸಿ, ಇಟ್ಟಿಗೆಯ ಮೇಲೆ ಪುಡಿಯನ್ನು ಆದಷ್ಟು ತೆಳ್ಳಗೆ ಊದಿ ಹರಡಬೇಕು. ಕುದಿಸುವುದನ್ನು ನಾನು ಮೊದಲ ವರ್ಷ ಸೋಮಾರಿತನದಿಂದ ಬಿಟ್ಟೆ. ಮೂರು ತಿಂಗಳು ಕಾದು ನಾನು ಬೆಳೆಸಿದ್ದು ಬರೀ ಪಾಚಿ. ಎರಡನೆಯ ವರ್ಷ ಪುಡಿ ಹೆಚ್ಚಾಗಿ ಹಾಕಿ, ಗಿಡಗಳು ಒಂದರ ಮೇಲೊಂದು ಮುಗಿಬಿದ್ದು ಕೊಳೆತವು. ಮೂರನೆಯ ವರ್ಷಕ್ಕೆ ಸರಿಹೋಯಿತು.

ಬಿಸಿಲು ತಾಗದ, ಬೆಳಕಿರುವ ಕಿಟಕಿಯಲ್ಲಿಟ್ಟರೆ ಮೂರು ನಾಲ್ಕು ವಾರಕ್ಕೆ ಇಟ್ಟಿಗೆಯ ಮೇಲೆ ಹಸಿರು ಛಾಯೆ ಕಾಣುತ್ತದೆ. ಎರಡು ತಿಂಗಳ ಹೊತ್ತಿಗೆ, ಭೂತಗನ್ನಡಿ ಹಿಡಿದರೆ, ಹೃದಯದಾಕಾರದ ಪುಟ್ಟ ಪುಟ್ಟ ಹಸಿರು ಬಿಲ್ಲೆಗಳು. ಕಿರುಬೆರಳ ಉಗುರಿಗಿಂತ ಚಿಕ್ಕವಾದ ಇವು ಇನ್ನೂ ಜರಿಗಿಡವಲ್ಲ, ಅದರ ತಾಯಿತಂದೆ. ಇವುಗಳ ಅಡಿಯಲ್ಲಿ ಗಂಡು ಹೆಣ್ಣು ಕೋಶಗಳು ಬೆಳೆಯುತ್ತವೆ, ಗಂಡುಕೋಶ ನೀರಿನ ಪೊರೆಯಲ್ಲಿ ಈಜಿಯೇ ಹೆಣ್ಣುಕೋಶವನ್ನು ಸೇರಬೇಕು. ಆದ್ದರಿಂದ ಈ ಹಂತದಲ್ಲಿ ಮುಚ್ಚಳ ತೆಗೆದು ಮಂಜು ಬಿದ್ದಂತೆ ನೀರು ಸಿಂಪಡಿಸಲೇಬೇಕು. ತರಗತಿಯಲ್ಲಿ ಇಷ್ಟು ವರ್ಷ ಕಪ್ಪುಹಲಗೆಯ ಮೇಲೆ ಬರೆದು ಕಲಿಸಿದ ಈ ಚಿತ್ರವನ್ನು ನಾನು ಕಣ್ಣಾರೆ ಕಂಡದ್ದು ನಿವೃತ್ತನಾದ ಮೇಲೆ, ಸ್ವೀಟ್ ಡಬ್ಬದಲ್ಲಿ. ಅಲ್ಲಿಂದ ಒಂದೆರಡು ತಿಂಗಳಿಗೆ ಬಿಲ್ಲೆಯ ಸೀಳಿನಿಂದ ಮೊದಲ ಎಲೆ ಏಳುತ್ತದೆ. ಕುಂಡಕ್ಕೆ ಬದಲಿಸುವಷ್ಟಾಗಲು ಒಟ್ಟು ಒಂದು ವರ್ಷ ಬೇಕು. ಆತುರದವರಿಗೆ ಬುಡ ಬಿಡಿಸಿ ನೆಡುವ ದಾರಿ ಇದ್ದೇ ಇದೆ: ನೆಫ್ರೊಲೆಪಿಸ್ ಆದರೆ ಮಳೆಗಾಲದ ಆರಂಭದಲ್ಲಿ ಹಿಂಡನ್ನು ಸೀಳಿ ನೆಟ್ಟರೆ ತಿಂಗಳಲ್ಲಿ ಹಿಡಿಯುತ್ತದೆ.

ತಿನ್ನುವ ಜರಿಗಿಡದ ಬಗ್ಗೆ ಒಂದು ಎಚ್ಚರಿಕೆ ಹೇಳಿ ಮುಗಿಸುತ್ತೇನೆ, ಏಕೆಂದರೆ ಲೇಖನದಲ್ಲಿ ‘ಇದರ ಚಿಗುರನ್ನು ಪಲ್ಯ ಮಾಡುತ್ತಾರೆ’ ಎಂದು ಯಾವ ಜರಿಗಿಡವೆಂದು ಹೇಳದೆ ಬರೆದಿದೆ. ಕೊಡಗಿನಲ್ಲಿ ತೆರ್ಮೆ ತೊಪ್ಪು ಎಂದು ಮಳೆಗಾಲದಲ್ಲಿ ತರುವ ಸುರುಳಿ ಚಿಗುರು ಡಿಪ್ಲೇಜಿಯಮ್ ಎಸ್ಕುಲೆಂಟಮ್ ಎಂಬ ಗಿಡದ್ದು. ಅದು ಹಳ್ಳದ ಅಂಚಿನ, ಬಸಿಗಾಲುವೆಯ ಕೆಸರಿನ ಗಿಡ. ಬಲಿತ ಗರಿಯ ಬೆನ್ನಿನಲ್ಲಿ ಬೀಜಕಣದ ಗೂಡುಗಳು ಕಿರುನರಗಳ ಗುಂಟ ಓರೆ ಗೀಟುಗಳಾಗಿರುತ್ತವೆ. ಎತ್ತರದ ಗುಡ್ಡಗಳ ಬಯಲಿನಲ್ಲಿ, ಒಣ ಇಳಿಜಾರಿನಲ್ಲಿ ಹಿಂಡುಹಿಂಡಾಗಿ ಬೆಳೆಯುವ ಬ್ರಾಕೆನ್ ಎಂಬ ಟೆರಿಡಿಯಮ್ ಜರಿಗಿಡದ ಚಿಗುರೂ ಹಾಗೆಯೇ ಸುರುಳಿಯಾಗಿರುತ್ತದೆ, ಆದರೆ ಅದರ ಮೈಮೇಲೆ ರೋಮ. ಅದರಲ್ಲಿ ಕ್ಯಾನ್ಸರ್‌ಕಾರಕ ರಾಸಾಯನಿಕವಿದೆ; ಅದನ್ನು ಮೇಯುವ ದನಗಳಿಗೆ ಮೂತ್ರದಲ್ಲಿ ರಕ್ತ ಹೋಗುವ ರೋಗ ಬರುತ್ತದೆ. ಅಮ್ಮನೋ ಅಜ್ಜಿಯೋ ಕೈಹಿಡಿದು ತೋರಿಸಿಕೊಡದ ಹೊರತು ಪುಸ್ತಕದ ಚಿತ್ರ ನೋಡಿ ಯಾರೂ ಚಿಗುರು ಕೊಯ್ಯಬಾರದು. ತೆರ್ಮೆಯನ್ನಾದರೂ ಚೆನ್ನಾಗಿ ಬೇಯಿಸಿಯೇ ತಿನ್ನಬೇಕು.

ತಮ್ಮ ಪುರವಣಿಯಲ್ಲಿ ಮುಂದೆ ಜರಿಗಿಡಗಳ ಚಿತ್ರ ಹಾಕುವ ಸಂದರ್ಭ ಬಂದರೆ ಗರಿಯ ಮೇಲ್ಮೈಯ ಜೊತೆಗೆ ಕೆಳಮೈಯ ಚಿತ್ರವನ್ನೂ ಕೊಡಬೇಕೆಂದು ವಿನಂತಿ. ಮೇಲ್ಮೈಯ ಬಣ್ಣದ ಚಿತ್ರ ಎಷ್ಟು ದೊಡ್ಡದಿದ್ದರೂ ಗುರುತಿಸುವವನಿಗೆ ಅದರಿಂದ ಉಪಯೋಗ ಕಡಿಮೆ. ಬೇಕೆನ್ನುವ ಓದುಗರು ತಮ್ಮ ಕಚೇರಿಯ ಮೂಲಕ ತಿಳಿಸಿದರೆ ಹಂಸಪಾದಿಯ ಬೇರು ಹಿಡಿದ ಕರಟಗಳನ್ನು ಕೊಡಲು ನಾನು ಸಿದ್ಧನಿದ್ದೇನೆ; ಸದ್ಯಕ್ಕೆ ಸುಮಾರು ಮೂವತ್ತು ಇವೆ. ಬರುವವರು ದಯವಿಟ್ಟು ಜುಲೈ ಕಳೆದ ಮೇಲೆ ಬರಲಿ. ಏಪ್ರಿಲ್‌ನಲ್ಲಿ ಬಂದವರೊಬ್ಬರಿಗೆ ಬಾವಿಕಟ್ಟೆ ತೋರಿಸಿ “ಇಲ್ಲೇ ಇದೆ” ಎಂದಾಗ, ಅವರು ಕಲ್ಲನ್ನೂ ನನ್ನನ್ನೂ ಎರಡೆರಡು ಸಲ ನೋಡಿ, ಕಾಫಿ ಕುಡಿದು ಹೋದರು.

ತಮ್ಮ ವಿಶ್ವಾಸಿ,
ನಿವೃತ್ತ ವಿಜ್ಞಾನ ಶಿಕ್ಷಕ,
ಕೊಪ್ಪ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ